ಬ್ಯಾಕಪ್ ಇದೆ ಸರಿ, ಸೈಟ್ ವಾಪಸ್ ಬರುತ್ತಾ?

ಸೈಟ್ ಬಿದ್ದುಹೋಗಿತ್ತು. ಬ್ಯಾಕಪ್ ಇತ್ತು. ಅದನ್ನು ಸರ್ವರ್‌ಗೆ ಏರಿಸಿ ಬ್ರೌಸರ್‌ನಲ್ಲಿ ವಿಳಾಸ ಹಾಕಿದರೆ ಮುಖಪುಟ ಮೊದಲಿನ ಹಾಗೇ ತೆರೆದುಕೊಂಡಿತು. ಉಸ್ಸಪ್ಪಾ ಅಂತ ಕುರ್ಚಿಗೆ ಒರಗಿ, ಸುಮ್ನೆ ಒಂದು ಲೇಖನದ ಮೇಲೆ ಕ್ಲಿಕ್ ಮಾಡಿದರೆ 404, ಅಂದರೆ ಪುಟ ಸಿಗಲಿಲ್ಲ. ಇನ್ನೊಂದು ಲೇಖನ, ಅದೂ 404. ಮುಂಬಾಗಿಲು ಮಾತ್ರ ನಿಂತಿದೆ, ಹಿಂದೆ ಮನೆಯೇ ಇಲ್ಲ. ಡೇಟಾಬೇಸ್ ತೆಗೆದು ನೋಡಿದರೆ ಲೇಖನಗಳೆಲ್ಲ ಅಲ್ಲೇ ತಣ್ಣಗೆ ಕೂತಿವೆ!

ಮೊದಲ ಸಲ ರೀಸ್ಟೋರ್, ಅಂದರೆ ಬ್ಯಾಕಪ್‌ನಿಂದ ಸೈಟನ್ನು ವಾಪಸ್ ತರುವ ಕೆಲಸ, ಮಾಡುವವರಿಗೆಲ್ಲ ಎದುರಾಗುವ ಭೂತ ಇದು. ಕಾರಣ ಒಂದು ಪುಟ್ಟ ಫೈಲ್. ಅಪಾಚೆ ಅನ್ನುವ ತಂತ್ರಾಂಶ ನಡೆಸುವ ಸರ್ವರ್‌ಗಳಲ್ಲಿ 'ಡಾಟ್ ಎಚ್‌ಟಿಆಕ್ಸೆಸ್' ಅಂತ ಒಂದು ಫೈಲ್ ಇರುತ್ತದೆ. ಲೇಖನದ ವಿಳಾಸ ನೋಡಿ ಅದನ್ನು ಯಾರ ಕೈಗೆ ಕೊಡಬೇಕು ಅಂತ ಹೇಳುವುದು ಅದೇ. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಅದು ಅಡಗಿದ ಫೈಲ್. ಫೈಲ್ ಮ್ಯಾನೇಜರ್‌ನಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡಿ ಕಾಪಿ ಮಾಡಿದಾಗ ಕಣ್ಣಿಗೆ ಕಾಣದ ಇದು ಹಿಂದೆ ಉಳಿದುಬಿಡುತ್ತದೆ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಆದರೆ ಸೆಟ್ಟಿಂಗ್ಸ್‌ನ ಪರ್ಮಲಿಂಕ್ಸ್ ಪುಟಕ್ಕೆ ಹೋಗಿ ಏನೂ ಬದಲಿಸದೆ ಸೇವ್ ಒತ್ತಿದರೆ ಸಾಕು, ಆ ಫೈಲನ್ನು ಅದು ಮತ್ತೆ ಬರೆದುಕೊಳ್ಳುತ್ತದೆ.

ಅರ್ಧ ನಿಮಿಷದ ಕೆಲಸ. ಆದರೆ ಗೊತ್ತಿಲ್ಲದಿದ್ದರೆ ಅರ್ಧ ರಾತ್ರಿ ಹೋಗುತ್ತದೆ. ರೀಸ್ಟೋರ್ ಪೂರ್ತಿ ಹೀಗೇ. ಕಳೆದುಹೋದದ್ದನ್ನು ವಾಪಸ್ ತರುವುದು ಅದರ ಸುಲಭದ ಭಾಗ. ವಾಪಸ್ ಬಂದ ತುಂಡುಗಳು ಒಂದನ್ನೊಂದು ಗುರುತು ಹಿಡಿಯುವ ಹಾಗೆ ಜೋಡಿಸುವುದೇ ಕಷ್ಟ. ಸೈಟ್ ಕೈಕೊಡುವುದು ಯಾವಾಗಲೂ ಕೀಲುಗಳಲ್ಲಿ.

ತುಂಡುಗಳು ಯಾವುವು?

ಹೊರಗಿನಿಂದ ನೋಡಿದರೆ ವೆಬ್‌ಸೈಟ್ ಒಂದೇ ವಸ್ತು. ಒಳಗೆ ಎರಡು ಬೇರೆ ಬೇರೆ ರಾಶಿ. ಒಂದು ಫೈಲ್‌ಗಳದ್ದು: ಸೈಟ್ ನಡೆಸುವ ಕೋಡ್, ಅದರ ರೂಪ ಕೊಡುವ ಥೀಮ್, ಹೆಚ್ಚಿನ ಸೌಲಭ್ಯ ಸೇರಿಸುವ ಪ್ಲಗಿನ್‌ಗಳು, ನೀವು ಹಾಕಿದ ಚಿತ್ರಗಳು. ಇನ್ನೊಂದು ಡೇಟಾಬೇಸ್: ಲೇಖನದ ಪಠ್ಯ, ಬಳಕೆದಾರರ ಖಾತೆಗಳು, ಆರ್ಡರ್‌ಗಳು, ಸೆಟ್ಟಿಂಗ್‌ಗಳು. ಚಿತ್ರ ಫೈಲ್‌ಗಳ ರಾಶಿಯಲ್ಲಿ ಇರುತ್ತದೆ. ಆ ಚಿತ್ರ ಯಾವ ಲೇಖನದ್ದು ಅನ್ನುವುದು ಡೇಟಾಬೇಸ್‌ನಲ್ಲಿ ಇರುತ್ತದೆ. ಎರಡನ್ನೂ ಕೂಡಿಸುವುದು ಒಂದು ಕಾನ್ಫಿಗ್ ಫೈಲ್. ಡೇಟಾಬೇಸ್‌ನ ಹೆಸರು, ಯೂಸರ್, ಪಾಸ್‌ವರ್ಡ್, ಅದು ಇರುವ ಸರ್ವರ್, ಈ ನಾಲ್ಕು ವಿವರ ಅದರಲ್ಲಿರುತ್ತವೆ.

ಬ್ಯಾಕಪ್‌ನಲ್ಲಿ ಸಾಮಾನ್ಯವಾಗಿ ಬಾರದ ಮೂರನೆಯ ರಾಶಿಯೂ ಇದೆ. ಡೊಮೇನ್ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಡಿಎನ್‌ಎಸ್ ದಾಖಲೆಗಳು, ಸಂಪರ್ಕವನ್ನು ಸುರಕ್ಷಿತವಾಗಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್, ಹೊತ್ತು ಹೊತ್ತಿಗೆ ತಾವಾಗಿಯೇ ನಡೆಯುವ ಕ್ರಾನ್ ಕೆಲಸಗಳು, ಇಮೇಲ್ ವ್ಯವಸ್ಥೆ. ಇವು ಸೈಟ್‌ನ ಹೊರಗಿರುವುದರಿಂದ ಯಾರಿಗೂ ನೆನಪಾಗುವುದಿಲ್ಲ. ಸರ್ವರ್ ಪೂರ್ತಿ ಹೋದ ದಿನ ಮಾತ್ರ ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ.

ಮೊದಲು ಕೈ ಕಟ್ಟಿಕೊಳ್ಳಿ

ನಾನೇ ಮಾಡಿದ ಒಂದು ಎಡವಟ್ಟು ಹೇಳುತ್ತೇನೆ. ಒಂದು ತರಬೇತಿ ಸಂಸ್ಥೆಯ ಸೈಟ್. ಬೆಳಗ್ಗೆ ಯಾವುದೋ ಪ್ಲಗಿನ್ ಅಪ್‌ಡೇಟ್ ಆಗಿ ಇಡೀ ಸೈಟ್ ಬಿಳಿ ಪುಟವಾಗಿತ್ತು. ನನ್ನ ಹತ್ತಿರ 9 ದಿನ ಹಳೆಯ ಬ್ಯಾಕಪ್ ಇತ್ತು. ಫೈಲ್‌ಗಳು, ಡೇಟಾಬೇಸ್ ಎರಡನ್ನೂ ಏರಿಸಿಬಿಟ್ಟೆ. ಹತ್ತು ನಿಮಿಷದಲ್ಲಿ ಸೈಟ್ ಎದ್ದು ನಿಂತಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸಂಜೆ ಫೋನ್ ಬಂತು.

"ಸರ್, ಸೋಮವಾರದಿಂದ ಬಂದ ಅರ್ಜಿ ಒಂದೂ ಕಾಣ್ತಿಲ್ಲವಲ್ಲ?"

ಅರ್ಜಿಗಳು ಡೇಟಾಬೇಸ್‌ನಲ್ಲಿ ಇದ್ದವು. ನಾನು ಹಳೆಯದನ್ನು ಅದರ ಮೇಲೆ ಹೇರಿದಾಗ ಹೊಸದೆಲ್ಲ ಅಳಿಸಿಹೋಗಿತ್ತು. ಹೊಟ್ಟೆ ಉರಿಯುವ ವಿಷಯ ಏನೆಂದರೆ ಡೇಟಾಬೇಸ್‌ಗೆ ಏನೂ ಆಗಿರಲೇ ಇಲ್ಲ. ಕೆಟ್ಟಿದ್ದು ಪ್ಲಗಿನ್‌ನ ಫೈಲ್‌ಗಳು ಮಾತ್ರ. ಆ ಒಂದು ಫೋಲ್ಡರನ್ನು ಹಳೆಯದರಿಂದ ಬದಲಿಸಿದ್ದರೆ ಮುಗಿದುಹೋಗುತ್ತಿತ್ತು. ಪುಣ್ಯಕ್ಕೆ ಪ್ರತಿ ಅರ್ಜಿಯದ್ದೂ ಒಂದು ಇಮೇಲ್ ಆಫೀಸಿಗೆ ಹೋಗುತ್ತಿತ್ತು. ಅವನ್ನು ನೋಡಿಕೊಂಡು 41 ಅರ್ಜಿಗಳನ್ನು ಕೈಯಾರೆ ಟೈಪ್ ಮಾಡಿ ಮತ್ತೆ ಸೇರಿಸಿದೆ.

ಅಂದಿನಿಂದ ನನಗೊಂದು ಅಭ್ಯಾಸ. ಸೈಟ್ ಎಷ್ಟೇ ಕೆಟ್ಟಿರಲಿ, ಮುಟ್ಟುವ ಮೊದಲು ಕೆಟ್ಟ ಸ್ಥಿತಿಯದ್ದೇ ಒಂದು ಬ್ಯಾಕಪ್ ತೆಗೆಯುವುದು. ಮುರಿದ ಸೈಟಿನ ಬ್ಯಾಕಪ್ ಯಾಕೆ ಅಂತ ಕೇಳುತ್ತಾರೆ. ಹೊಸ ಅರ್ಜಿಗಳು, ನಿನ್ನೆಯ ಆರ್ಡರ್‌ಗಳು ಇರುವುದು ಅಲ್ಲೇ ಅಲ್ವಾ? ಆಮೇಲೆ ಏನು ಕೆಟ್ಟಿದೆ ಅಂತ ನೋಡುವುದು. ಫೈಲ್ ಕೆಟ್ಟಿದ್ದರೆ ಫೈಲ್ ಮಾತ್ರ. ಯಾರೋ ಒಂದು ಲೇಖನ ಅಳಿಸಿದ್ದರೆ ಆ ಲೇಖನ ಮಾತ್ರ. ಇಡೀ ಸೈಟನ್ನು ಹಿಂದಕ್ಕೆ ಎಳೆಯುವುದು ಕೊನೆಯ ದಾರಿ.

ಡಂಪ್ ಫೈಲನ್ನು ಒಮ್ಮೆ ತೆರೆದು ನೋಡಿ

ಡೇಟಾಬೇಸ್ ಬ್ಯಾಕಪ್ ಅಂದರೆ ಏನೋ ನಿಗೂಢ ವಸ್ತು ಅಂದುಕೊಂಡವರು ಜಾಸ್ತಿ. ಮೈಎಸ್‌ಕ್ಯೂಎಲ್ ಅನ್ನುವುದು ಡೇಟಾಬೇಸ್ ನಡೆಸುವ ತಂತ್ರಾಂಶ, ಅದರ ಬ್ಯಾಕಪ್ ಫೈಲೇ ಡಂಪ್. ಅದೊಂದು ಸಾದಾ ಪಠ್ಯದ ಫೈಲ್. ನೋಟ್‌ಪ್ಯಾಡ್‌ನಂಥದ್ದರಲ್ಲೇ ತೆರೆಯಬಹುದು, ಗಾತ್ರ ತೀರಾ ದೊಡ್ಡದಿರದಿದ್ದರೆ. ಒಳಗಿರುವುದು ಆಜ್ಞೆಗಳ ಸಾಲು. ಡೇಟಾಬೇಸ್‌ನಲ್ಲಿ ಮಾಹಿತಿ ಸಾಲು ಸಾಲಾಗಿ ಕೂತಿರುವ ಪಟ್ಟಿಗೆ ಟೇಬಲ್ ಅನ್ನುತ್ತಾರೆ. ಒಂದೊಂದು ಟೇಬಲ್‌ಗೂ ಮೂರು ಮಾತು. ಮೊದಲನೆಯದು 'ಡ್ರಾಪ್ ಟೇಬಲ್ ಇಫ್ ಎಕ್ಸಿಸ್ಟ್ಸ್', ಅಂದರೆ ಈ ಹೆಸರಿನ ಟೇಬಲ್ ಇದ್ದರೆ ಕಿತ್ತುಹಾಕು. ಎರಡನೆಯದು 'ಕ್ರಿಯೇಟ್ ಟೇಬಲ್', ಹೊಸದಾಗಿ ಕಟ್ಟು. ಮೂರನೆಯದು 'ಇನ್ಸರ್ಟ್', ಈ ಸಾಲುಗಳನ್ನು ತುಂಬು. ನನ್ನ 41 ಅರ್ಜಿಗಳನ್ನು ನುಂಗಿದ್ದು ಆ ಮೊದಲ ಮಾತು.

ಇನ್ನೊಂದು ಸೂಕ್ಷ್ಮ ಇದೆ. ಡಂಪ್‌ನಲ್ಲಿ ಇಲ್ಲದ ಟೇಬಲ್‌ಗಳನ್ನು ಅದು ಮುಟ್ಟುವುದಿಲ್ಲ. ಹೊಸ ಪ್ಲಗಿನ್ ಹುಟ್ಟಿಸಿದ ಟೇಬಲ್‌ಗಳು ಹಾಗೇ ಉಳಿದು, ಹಳೆಯದು ಹೊಸದು ಕಲಬೆರಕೆಯಾಗಿ ಕೂರುತ್ತವೆ. ಅದಕ್ಕೇ ರೀಸ್ಟೋರ್ ಯಾವಾಗಲೂ ಖಾಲಿ ಡೇಟಾಬೇಸ್‌ಗೆ ಆಗಬೇಕು. ಹೊಸ ಹೆಸರಿನಲ್ಲಿ ಒಂದು ಡೇಟಾಬೇಸ್ ಮಾಡಿ, ಅದರೊಳಗೆ ತುಂಬಿ, ಕಾನ್ಫಿಗ್ ಫೈಲ್‌ನಲ್ಲಿ ಹೆಸರು ಬದಲಿಸಿ. ಹಳೆಯದು ಪಕ್ಕದಲ್ಲೇ ಇರಲಿ. ಬೇಡ ಅನ್ನಿಸಿದಾಗ ಅಳಿಸಿದರಾಯ್ತು.

ಇನ್ನು ಕೊನೆಯ ಸಾಲು. ಮೈಎಸ್‌ಕ್ಯೂಎಲ್ ಡಂಪ್ ಪೂರ್ತಿಯಾಗಿ ಮುಗಿದಿದ್ದರೆ ಕಟ್ಟಕಡೆಗೆ 'ಡಂಪ್ ಕಂಪ್ಲೀಟೆಡ್ ಆನ್' ಅಂತ ಬರೆದು, ಸಾಮಾನ್ಯವಾಗಿ ದಿನಾಂಕ ಮತ್ತು ಸಮಯವನ್ನೂ ಹಾಕಿರುತ್ತದೆ. ಅದಿಲ್ಲದೆ ಯಾವುದೋ ಇನ್ಸರ್ಟ್‌ನ ಮಧ್ಯದಲ್ಲೇ ಫೈಲ್ ತುಂಡಾಗಿದ್ದರೆ ಡಿಸ್ಕ್ ತುಂಬಿತ್ತು, ಇಲ್ಲವೇ ಸಂಪರ್ಕ ಕಡಿದಿತ್ತು. ಫೈಲ್ ಇದೆ, ಹೆಸರು ಸರಿಯಿದೆ, ಗಾತ್ರವೂ ದಪ್ಪಗೇ ಇದೆ. ಆದರೆ ಅಕ್ಷರಮಾಲೆಯಲ್ಲಿ ಹಿಂದೆ ಬರುವ ಟೇಬಲ್‌ಗಳು ಅದರಲ್ಲಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಬಳಕೆದಾರರ ಟೇಬಲ್ ಹೆಸರು 'ಯು' ಅಕ್ಷರದಿಂದ ಬರುವುದರಿಂದ ಬಾಲದಲ್ಲಿ ಹೋಗುವುದು ಅದೇ. ಲೇಖನಗಳೆಲ್ಲ ಬಂದಿವೆ, ಲಾಗಿನ್ ಆಗಲು ಮಾತ್ರ ಯಾರೂ ಇಲ್ಲ!

ಅಂಗಳದಲ್ಲಿ ಕಟ್ಟಿ, ಆಮೇಲೆ ಒಳಗೆ ತನ್ನಿ

ಜನ ನೋಡುತ್ತಿರುವ ಸೈಟ್ ಮೇಲೆಯೇ ರೀಸ್ಟೋರ್ ಮಾಡಬೇಡಿ. ಪಕ್ಕದಲ್ಲಿ ಒಂದು ಪ್ರತಿ ಕಟ್ಟಿ, ಅದು ನಿಂತಿದೆ ಅಂತ ಖಾತ್ರಿಯಾದ ಮೇಲೆ ಅದಲು ಬದಲು ಮಾಡಿ. ಹೊಸ ಸರ್ವರ್ ಆದರೆ ಇದಕ್ಕೊಂದು ಹಳೆಯ ಉಪಾಯ ಇದೆ. ನಿಮ್ಮ ಕಂಪ್ಯೂಟರ್‌ನಲ್ಲಿ 'ಹೋಸ್ಟ್ಸ್' ಅನ್ನುವ ಫೈಲ್ ಇರುತ್ತದೆ. ಅದರಲ್ಲಿ ಹೊಸ ಸರ್ವರ್‌ನ ಐಪಿ ಸಂಖ್ಯೆ ಮತ್ತು ನಿಮ್ಮ ಡೊಮೇನ್ ಹೆಸರು ಒಂದೇ ಸಾಲಿನಲ್ಲಿ ಬರೆದರೆ, ನಿಮ್ಮ ಕಂಪ್ಯೂಟರ್‌ಗೆ ಮಾತ್ರ ಹೊಸ ಸೈಟ್ ಕಾಣುತ್ತದೆ. ಉಳಿದವರಿಗೆ ಹಳೆಯದೇ. ಪರೀಕ್ಷೆ ಮುಗಿದ ಮೇಲೆ ಆ ಸಾಲನ್ನು ತೆಗೆಯಲು ಮರೆಯಬೇಡಿ. ನಾನು ಒಮ್ಮೆ ಮರೆತು, ಎಲ್ಲರಿಗೂ ಬಿದ್ದಿರುವ ಸೈಟ್ ನನಗೆ ಮಾತ್ರ ಕಾಣುತ್ತಿದ್ದರಿಂದ, ಸೈಟ್ ಸರಿಯಾಗಿಯೇ ಇದೆ ಅಂತ ಎರಡು ಗಂಟೆ ವಾದ ಮಾಡಿದ್ದೆ.

ಪರೀಕ್ಷೆಯ ಪ್ರತಿಗೆ ಬಾಯಿ ಕಟ್ಟುವುದೂ ಮುಖ್ಯ. ಅದರೊಳಗೆ ನಿಜವಾದ ಗ್ರಾಹಕರ ಇಮೇಲ್‌ಗಳಿವೆ, ಕ್ರಾನ್ ಕೆಲಸಗಳಿವೆ. ಎಚ್ಚರವಾದ ತಕ್ಷಣ ಅದು "ನಿಮ್ಮ ಆರ್ಡರ್ ಬಾಕಿ ಇದೆ" ಅಂತ ಮೂರು ತಿಂಗಳ ಹಿಂದಿನ ಆರ್ಡರ್‌ಗೆ ಪತ್ರ ಹಾಕಬಹುದು. ಇಮೇಲ್ ಕಳಿಸುವುದನ್ನು ಮೊದಲೇ ನಿಲ್ಲಿಸಿ, ಪ್ರತಿಗೆ ಒಂದು ಪಾಸ್‌ವರ್ಡ್ ಹಾಕಿಡಿ.

ಫೈಲ್‌ಗಳನ್ನು ಬಿಚ್ಚುವಾಗ ಡಿಸ್ಕ್‌ನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. ಜಿಪ್ ಒಂದು ಪಾಲು, ಬಿಚ್ಚಿದ್ದು ಇನ್ನೊಂದು ಪಾಲು, ಎರಡೂ ಒಟ್ಟಿಗೆ ಹಿಡಿಸಬೇಕು. ಯಾರು ಓದಬಹುದು, ಯಾರು ಬದಲಿಸಬಹುದು ಅಂತ ಸಂಖ್ಯೆಯಲ್ಲಿ ಹೇಳುವ ಅನುಮತಿಗಳಲ್ಲಿ ಫೈಲ್‌ಗೆ 644, ಫೋಲ್ಡರ್‌ಗೆ 755 ಸಾಮಾನ್ಯವಾಗಿ ಸರಿಹೋಗುತ್ತದೆ. ಏನೋ ಕೆಲಸ ಮಾಡುತ್ತಿಲ್ಲ ಅಂತ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡುವವರಿದ್ದಾರೆ. ಅದು ಬೀಗ ಕಷ್ಟ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಡಂಪ್ ತುಂಬುವಾಗ ಬರುವ ತಕರಾರು ಬೇರೆ. ಬ್ರೌಸರ್‌ನಲ್ಲೇ ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್ ಮೂಲಕ ಏರಿಸಲು ಹೋದರೆ ಫೈಲ್ ದೊಡ್ಡದು ಅನ್ನುತ್ತದೆ. ಇಂಥ ಸೈಟ್‌ಗಳ ಕೋಡ್ ಬರೆದಿರುವ ಭಾಷೆ ಪಿಎಚ್‌ಪಿ. ಅದರ ಮೂಲ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿ 2 ಎಂಬಿ, ಒಂದು ಕೆಲಸಕ್ಕೆ ಕೊಡುವ ಸಮಯ 30 ಸೆಕೆಂಡ್. ಹೋಸ್ಟಿಂಗ್‌ನವರು ಇದನ್ನು ಜಾಸ್ತಿ ಮಾಡಿಟ್ಟಿರುತ್ತಾರೆ, ಆದರೂ ಮಿತಿ ಮಿತಿಯೇ. ಮಿತಿ ದಾಟದೆ ಏರಿದರೂ ಸಮಯ ಮುಗಿದು ಅರ್ಧಕ್ಕೆ ನಿಂತರೆ ಅದು ಇನ್ನೂ ಕೆಟ್ಟದ್ದು. ಅರ್ಧ ಟೇಬಲ್‌ಗಳು ಬಂದಿವೆ, ಸೈಟ್ ಹೇಗೋ ತೆರೆಯುತ್ತದೆ, ಏನು ಬಂದಿಲ್ಲ ಅಂತ ತಿಂಗಳ ನಂತರ ಗೊತ್ತಾಗುತ್ತದೆ. ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಕಮಾಂಡ್ ಲೈನ್ ಸಿಗುವುದಾದರೆ ಅಲ್ಲಿಂದಲೇ ತುಂಬಿ. ಅಲ್ಲಿ ಈ ಮಿತಿಗಳಿಲ್ಲ, ಎಲ್ಲಿ ಎಡವಿತು ಅಂತ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ.

ವಯಸ್ಸಿನ ಅಂತರವೂ ಕಾಡುತ್ತದೆ. ಹಳೇ ಸೈಟನ್ನು ಹೊಸ ಸರ್ವರ್‌ಗೆ ತಂದರೆ ಭಾಷೆಯೇ ಬದಲಾಗಿರುತ್ತದೆ. 2015ರ ಕೊನೆಯಲ್ಲಿ ಬಂದ ಪಿಎಚ್‌ಪಿ 7, ಡೇಟಾಬೇಸ್ ಜೊತೆ ಮಾತಾಡುವ ಹಳೆಯ ಫಂಕ್ಷನ್‌ಗಳ ಒಂದು ಇಡೀ ಗುಂಪನ್ನೇ ತೆಗೆದುಹಾಕಿತು. ಅದಕ್ಕಿಂತ ಹಿಂದಿನ ಕೋಡ್ ಇವತ್ತಿನ ಸರ್ವರ್‌ನಲ್ಲಿ ಬಾಯಿಯೇ ಬಿಡುವುದಿಲ್ಲ. ಉಲ್ಟಾ ಕೂಡ ಆಗುತ್ತದೆ. ಮೈಎಸ್‌ಕ್ಯೂಎಲ್ 8ರಲ್ಲಿ ತೆಗೆದ ಡಂಪನ್ನು 5.7ಕ್ಕೆ ತುಂಬಲು ಹೋದರೆ 'ಅನ್‌ನೋನ್ ಕೊಲೇಶನ್' ಅನ್ನುವ ಎರರ್ ಬರುತ್ತದೆ. ಅಕ್ಷರಗಳನ್ನು ಹೋಲಿಸಿ ಜೋಡಿಸುವ ಹೊಸ ನಿಯಮದ ಹೆಸರು ಹಳೆಯದಕ್ಕೆ ಗೊತ್ತಿರುವುದಿಲ್ಲ, ಅಷ್ಟೇ. ಬ್ಯಾಕಪ್ ಜೊತೆ ಪಿಎಚ್‌ಪಿ ಎಷ್ಟು, ಡೇಟಾಬೇಸ್ ಎಷ್ಟು ಅಂತ ಎರಡು ಸಂಖ್ಯೆ ಬರೆದಿಟ್ಟಿದ್ದರೆ ಈ ಒದ್ದಾಟ ಇಲ್ಲ.

ಅಕ್ಷರ ಕೆಟ್ಟರೆ

ಕನ್ನಡದಲ್ಲಿ ಸೈಟ್ ನಡೆಸುವವರಿಗೆ ಇದು ವಿಶೇಷ ಸಂಕಟ. ರೀಸ್ಟೋರ್ ಆಯಿತು, ಪುಟ ತೆರೆಯಿತು, ಆದರೆ ಕನ್ನಡದ ಜಾಗದಲ್ಲಿ ಏನೇನೋ ಇದೆ. ಹತ್ತಿರದಿಂದ ನೋಡೋಣ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತವೂ ಮೂರು ಬೈಟ್. 'ಕ' ಅಂದರೆ ಮೂರು ಬೈಟ್. 'ಕನ್ನಡ' ಅನ್ನುವ ಪದದಲ್ಲಿ ಕ, ನ, ಅರ್ಧಾಕ್ಷರದ ಗುರುತು, ಇನ್ನೊಂದು ನ, ಡ ಇವೆ. ಒಟ್ಟು ಐದು ಸಂಕೇತ, 15 ಬೈಟ್. ಡಂಪನ್ನು ಓದುವ ಕಡೆಯಲ್ಲಿ ಯಾರಾದರೂ ಇದನ್ನು ಒಂದೊಂದೇ ಬೈಟಿನ ಲ್ಯಾಟಿನ್ ಅಂತ ತಪ್ಪು ತಿಳಿದರೆ, ಆ ಒಂದು 'ಕ' ಮೂರು ವಿಚಿತ್ರ ಚಿಹ್ನೆಯಾಗಿ ಒಡೆಯುತ್ತದೆ: ತಲೆಯ ಮೇಲೆ ಗೀಟಿರುವ ಇಂಗ್ಲಿಷಿನ 'ಎ', ಮೇಲೆ ಏರಿ ಕೂತ ಪುಟ್ಟ 2, ಒಂದು ದಪ್ಪ ಚುಕ್ಕೆ. ಮೈಎಸ್‌ಕ್ಯೂಎಲ್‌ನಲ್ಲಿ 2018ರಲ್ಲಿ 8.0 ಬರುವ ತನಕ ಯಾರೂ ಏನೂ ಹೇಳದಿದ್ದರೆ ಲ್ಯಾಟಿನ್ ಅಂತಲೇ ತಿಳಿಯುವುದು ಪದ್ಧತಿಯಾಗಿತ್ತು. ಹಾಗಾಗಿ ಹಳೇ ಡೇಟಾಬೇಸ್‌ಗಳಲ್ಲಿ ಈ ಗೊಂದಲ ಮಾಮೂಲು.

ಈ ಚಿಹ್ನೆಗಳ ಜಾತ್ರೆ ನೋಡಿ ಹೆದರಬೇಡಿ. ಎಷ್ಟೋ ಸಲ ಬೈಟ್‌ಗಳು ಹಾಗೇ ಉಳಿದಿರುತ್ತವೆ, ಓದುವ ಕನ್ನಡಕ ಮಾತ್ರ ತಪ್ಪಿರುತ್ತದೆ. ಸರಿಯಾದ ಕ್ರಮ ಹೇಳಿ ಮತ್ತೆ ತುಂಬಿದರೆ ಕನ್ನಡ ವಾಪಸ್ ಬರುತ್ತದೆ. ಹೆದರಬೇಕಾದ್ದು ಪ್ರಶ್ನಾರ್ಥಕ ಚಿಹ್ನೆಗಳಿಗೆ. ಸಾಲು ಸಾಲು ಪ್ರಶ್ನೆ ಗುರುತು ಕಂಡರೆ, ಕನ್ನಡ ಹಿಡಿಸದ ಡಬ್ಬಿಗೆ ಕನ್ನಡ ಸುರಿದು, ಹಿಡಿಸದ್ದಕ್ಕೆಲ್ಲ ಅದು ಪ್ರಶ್ನೆ ಗುರುತು ಬರೆದುಕೊಂಡಿದೆ ಅಂತ ಅರ್ಥ. ಆ ಪ್ರತಿಯಲ್ಲಿ ಅಕ್ಷರ ಉಳಿದಿಲ್ಲ. ಡಂಪ್ ಫೈಲ್‌ನಲ್ಲೇ ಪ್ರಶ್ನೆ ಗುರುತುಗಳಿದ್ದರೆ ಅದಕ್ಕಿಂತ ಹಿಂದಿನ ಬ್ಯಾಕಪ್ ಹುಡುಕುವುದೊಂದೇ ದಾರಿ.

ಇಮೋಜಿ ಇನ್ನೊಂದು ಕಥೆ. ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' ಹೆಸರಿಗೆ ಮಾತ್ರ ಪೂರ್ತಿ, ಮೂರು ಬೈಟ್‌ಗಿಂತ ದೊಡ್ಡ ಅಕ್ಷರ ಅದರಲ್ಲಿ ಹಿಡಿಸುವುದಿಲ್ಲ. ಕನ್ನಡಕ್ಕೆ ಮೂರು ಸಾಕು. ನಗುವ ಮುಖಕ್ಕೆ ನಾಲ್ಕು ಬೇಕು. 2010ರಲ್ಲಿ ಬಂದ 'ಯುಟಿಎಫ್8ಎಂಬಿ4' ಈ ಕೊರತೆ ತುಂಬಿತು. ಹೊಸದರಿಂದ ಹಳೆಯ ಕ್ರಮಕ್ಕೆ ತುಂಬಿದರೆ ಕೆಲವು ಸೆಟ್ಟಿಂಗ್‌ಗಳಲ್ಲಿ ಇಮೋಜಿ ಬಂದ ಜಾಗಕ್ಕೇ ಪಠ್ಯ ಕತ್ತರಿಸಿಹೋಗುತ್ತದೆ. ಲೇಖನದ ಮೂರನೇ ಸಾಲಿನಲ್ಲಿ ಒಂದು ನಗು ಇದ್ದರೆ ಅಲ್ಲಿಂದ ಮುಂದೆ ಎಲ್ಲ ಖಾಲಿ.

22 ಇದ್ದದ್ದು 23 ಆದಾಗ

ವಿಳಾಸ ಬದಲಾದಾಗ ಆಗುವ ಕಿತಾಪತಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಇಷ್ಟ ಅಂದರೆ, ಬೇರೆಯವರ ಸೈಟ್‌ನಲ್ಲಿ ಆದಾಗ. ಸೈಟ್ ತನ್ನ ವಿಳಾಸವನ್ನು ಡೇಟಾಬೇಸ್‌ನಲ್ಲಿ ನೂರಾರು ಕಡೆ ಬರೆದುಕೊಂಡಿರುತ್ತದೆ. ಹಳೆಯ ಬ್ಯಾಕಪ್ 'ಎಚ್‌ಟಿಟಿಪಿ' ಕಾಲದ್ದು, ಈಗಿನ ಸೈಟ್ 'ಎಚ್‌ಟಿಟಿಪಿಎಸ್' ಅಂದುಕೊಳ್ಳಿ. ಡಂಪ್ ಫೈಲ್ ಪಠ್ಯ ತಾನೆ, ಹುಡುಕಿ ಬದಲಿಸಿಬಿಡೋಣ ಅನ್ನಿಸುತ್ತದೆ. ಬದಲಿಸುತ್ತೀರಿ. ಲೇಖನಗಳೆಲ್ಲ ಸರಿಯಾಗಿ ಕಾಣುತ್ತವೆ. ಆದರೆ ಪಕ್ಕದ ಪಟ್ಟಿ ಖಾಲಿ, ಥೀಮ್‌ನ ಬಣ್ಣಗಳಿಲ್ಲ, ಲೋಗೊ ಮಾಯ.

ಪಿಎಚ್‌ಪಿ ತನ್ನ ಸೆಟ್ಟಿಂಗ್‌ಗಳನ್ನು ಒಂದು ಕಟ್ಟಾಗಿ ಮಾಡಿ ಡೇಟಾಬೇಸ್‌ನಲ್ಲಿ ಇಡುತ್ತದೆ. ಇದಕ್ಕೆ ಸೀರಿಯಲೈಸ್ ಮಾಡುವುದು ಅನ್ನುತ್ತಾರೆ. ಆ ಕಟ್ಟಿನಲ್ಲಿ ಪ್ರತಿ ಮಾತಿನ ಹಿಂದೆ ಅದರ ಉದ್ದವೂ ಬರೆದಿರುತ್ತದೆ: ಮುಂದೆ ಬರುವುದು ಪಠ್ಯ, 22 ಬೈಟ್, ಆಮೇಲೆ ವಿಳಾಸ. ನೀವು ವಿಳಾಸದಲ್ಲಿ ಒಂದು 'ಎಸ್' ಸೇರಿಸಿದಿರಿ. ಪಠ್ಯ 23 ಆಯಿತು. ಹಿಂದಿನ ಸಂಖ್ಯೆ 22 ಅಂತಲೇ ಉಳಿಯಿತು. ಪಿಎಚ್‌ಪಿ 22 ಎಣಿಸಿ, ಇಲ್ಲಿ ಉದ್ಧರಣ ಚಿಹ್ನೆ ಬರಬೇಕಿತ್ತಲ್ಲ, ಇನ್ನೂ ಅಕ್ಷರವೇ ಇದೆ ಅಂತ ಇಡೀ ಕಟ್ಟನ್ನೇ ತಿರಸ್ಕರಿಸುತ್ತದೆ. ಒಂದು ಅಕ್ಷರಕ್ಕೆ ಒಂದು ಥೀಮ್‌ನ ಎಲ್ಲ ಸೆಟ್ಟಿಂಗ್ ಹೋಯಿತು. ಪರಿಹಾರ ಇದೆ. ಕಟ್ಟನ್ನು ಬಿಚ್ಚಿ, ಬದಲಿಸಿ, ಮತ್ತೆ ಎಣಿಸಿ ಕಟ್ಟುವ ಉಪಕರಣ ಬಳಸಬೇಕು. ವರ್ಡ್‌ಪ್ರೆಸ್‌ನ ಕಮಾಂಡ್ ಲೈನ್ ಉಪಕರಣದಲ್ಲಿ ಹುಡುಕಿ ಬದಲಿಸುವ ಆಜ್ಞೆ ಇದನ್ನೇ ಮಾಡುತ್ತದೆ. ಮೊದಲು ಬರೀ ಲೆಕ್ಕ ತೋರಿಸು, ಬದಲಿಸಬೇಡ ಅಂತಲೂ ಅದಕ್ಕೆ ಹೇಳಬಹುದು.

ಕಳ್ಳ ಒಳಗೇ ಇದ್ದರೆ

ಹ್ಯಾಕ್ ಆದ ಸೈಟ್ ರೀಸ್ಟೋರ್ ಮಾಡುವುದು ಬೇರೆಯದೇ ಲೆಕ್ಕ. ಇಲ್ಲಿ ಹೊಸ ಬ್ಯಾಕಪ್ ಒಳ್ಳೆಯದು ಅನ್ನುವ ಮಾತು ತಲೆಕೆಳಗಾಗುತ್ತದೆ. ಸೈಟ್ ವಿಚಿತ್ರವಾಗಿ ವರ್ತಿಸಿದ್ದು ನಿನ್ನೆ ಇರಬಹುದು, ಕಳ್ಳ ನುಗ್ಗಿದ್ದು ತಿಂಗಳ ಹಿಂದೆ. ಮೊನ್ನೆಯ ಬ್ಯಾಕಪ್‌ನಲ್ಲಿ ಅವನೂ ಬೆಚ್ಚಗೆ ಕೂತಿರುತ್ತಾನೆ. 7 ದಿನದ ಬ್ಯಾಕಪ್ ಮಾತ್ರ ಇಟ್ಟುಕೊಳ್ಳುವವರ ಹತ್ತಿರ ಶುದ್ಧ ಪ್ರತಿಯೇ ಇರುವುದಿಲ್ಲ. ಚಿತ್ರಗಳ ಅಪ್‌ಲೋಡ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಫೈಲ್ ಇದ್ದರೆ ಅನುಮಾನಪಡಿ, ಅದಕ್ಕೆ ಅಲ್ಲೇನು ಕೆಲಸ? ಅದರ ದಿನಾಂಕ ಒಂದು ಸುಳಿವು. ಸುಳಿವು ಮಾತ್ರ, ದಿನಾಂಕವನ್ನೂ ತಿದ್ದಬಹುದು.

ಶುದ್ಧ ಬ್ಯಾಕಪ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಕಳ್ಳ ಇಲ್ಲ, ಅವನು ನುಗ್ಗಿದ ಕಿಂಡಿ ಮಾತ್ರ ಹಾಗೇ ಇದೆ. ಸೈಟನ್ನು ಜನರಿಗೆ ತೆರೆಯುವ ಮೊದಲು ಎಲ್ಲವನ್ನೂ ಅಪ್‌ಡೇಟ್ ಮಾಡಿ, ಎಲ್ಲ ಪಾಸ್‌ವರ್ಡ್ ಬದಲಿಸಿ. ಡೇಟಾಬೇಸ್‌ನದ್ದೂ, ಹೋಸ್ಟಿಂಗ್ ಖಾತೆಯದ್ದೂ ಸೇರಿ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲ್‌ನಲ್ಲಿ 8 ಗುಪ್ತ ಕೀಲಿಗಳಿರುತ್ತವೆ. ಅವನ್ನು ಬದಲಿಸಿದರೆ ಲಾಗಿನ್ ಆಗಿರುವವರೆಲ್ಲ ಆಚೆ ಬೀಳುತ್ತಾರೆ, ಕಳ್ಳನೂ ಸೇರಿ.

ಎಲ್ಲ ಇತ್ತು, ಏನೂ ಇರಲಿಲ್ಲ

ಇದೆಲ್ಲ ಸಣ್ಣ ಸೈಟ್‌ನವರ ಗೋಳು, ದೊಡ್ಡವರಿಗೆ ಹೀಗಾಗುವುದಿಲ್ಲ ಅಂದುಕೊಂಡರೆ ಗಿಟ್‌ಲ್ಯಾಬ್ ಕಥೆ ಕೇಳಿ. ಲಕ್ಷಾಂತರ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ತಾಣ ಅದು. 2017ರ ಜನವರಿ 31ರ ರಾತ್ರಿ ಅವರ ಒಬ್ಬ ಎಂಜಿನಿಯರ್ ಎರಡನೇ ಸರ್ವರ್‌ನಲ್ಲಿದ್ದೇನೆ ಅಂದುಕೊಂಡು ಮುಖ್ಯ ಸರ್ವರ್‌ನ ಡೇಟಾಬೇಸ್ ಫೋಲ್ಡರನ್ನು ಅಳಿಸಲು ಆಜ್ಞೆ ಕೊಟ್ಟರು. ತಪ್ಪು ಹೊಳೆದು ನಿಲ್ಲಿಸಲು ಒಂದೆರಡು ಸೆಕೆಂಡ್ ಹಿಡಿಯಿತು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಸರಿ, ಬ್ಯಾಕಪ್ ತೆಗೆಯೋಣ ಅಂತ ಹೋದರೆ, ದಿನಾ ಡಂಪ್ ಹೋಗಬೇಕಿದ್ದ ಜಾಗ ಖಾಲಿ. ಅವರ ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಡಂಪ್ ತೆಗೆಯಲು ಓಡುತ್ತಿದ್ದ ಉಪಕರಣ 9.2. ಹೊಂದಾಣಿಕೆಯಾಗದೆ ಅದು ಎಷ್ಟೋ ದಿನದಿಂದ ಸೋಲುತ್ತಿತ್ತು. ಸೋತಾಗ ಇಮೇಲ್ ಬರಬೇಕಿತ್ತಲ್ಲ? ಬರುತ್ತಿತ್ತು, ಆದರೆ ಇಮೇಲ್‌ನ ದೃಢೀಕರಣ ಸರಿಯಿಲ್ಲದೆ ಅದು ಬಾಗಿಲಲ್ಲೇ ತಿರಸ್ಕಾರವಾಗುತ್ತಿತ್ತು. ಕೊನೆಗೆ ಕೈಹಿಡಿದದ್ದು, ಬೇರೆ ಯಾವುದೋ ಪರೀಕ್ಷೆಗೆ ಅಂತ ಸುಮಾರು 6 ಗಂಟೆ ಮೊದಲು ಅಕಸ್ಮಾತ್ತಾಗಿ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡಿಸ್ಕ್‌ನ ಪ್ರತಿ. ಅದೂ ನಿಧಾನದ ಡಿಸ್ಕ್‌ಗಳಲ್ಲಿ ಇದ್ದದ್ದರಿಂದ ವಾಪಸ್ ತರಲು ಸುಮಾರು 18 ಗಂಟೆ ಬೇಕಾಯಿತು. ಈ ಪರದಾಟವನ್ನು ಅವರು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿದರು. ಅದಕ್ಕೆ ಗುಂಡಿಗೆ ಬೇಕು.

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದಾಗ ಇನ್ನೊಂದು ಪಾಠ. ಐದು ಅಂತಸ್ತಿನ ಕಟ್ಟಡ ಪೂರ್ತಿ ಸುಟ್ಟಿತು. ಸೈಟ್ ಇದ್ದಲ್ಲೇ ಬ್ಯಾಕಪ್ಪೂ ಇದ್ದವರಿಗೆ ಎರಡೂ ಒಟ್ಟಿಗೆ ಬೂದಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಅನ್ನುವ 3-2-1 ಲೆಕ್ಕ ಕೇಳಿರುತ್ತೀರಿ. ಅದನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋ ಅನ್ನುವ ಛಾಯಾಗ್ರಾಹಕ, ಕಂಪ್ಯೂಟರ್‌ನವರಲ್ಲ.

ಬ್ಯಾಕಪ್ಪೇ ಇಲ್ಲ ಅಂತಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ನಿಮ್ಮ ಪುಟಗಳ ಹಳೆಯ ಪ್ರತಿ ಇರಬಹುದು. ಪಠ್ಯ ಸಿಗುತ್ತದೆ, ಅದೃಷ್ಟ ಇದ್ದರೆ ಚಿತ್ರವೂ. ಡೇಟಾಬೇಸ್ ಸಿಗುವುದಿಲ್ಲ. ಒಂದೊಂದೇ ಪುಟ ಕಾಪಿ ಮಾಡಿ ಕೂರಬೇಕು.

ಬಾಗಿಲು ತೆರೆಯುವ ಹೊತ್ತು

ಪ್ರತಿ ಸರಿಯಾಗಿ ನಿಂತಿದೆ ಅನ್ನಿ. ಸರ್ವರ್ ಅದೇ ಆದರೆ ಫೋಲ್ಡರ್ ಅದಲು ಬದಲು ಮಾಡಿದರೆ ಮುಗಿಯಿತು. ಹೊಸದಾದರೆ ಡಿಎನ್‌ಎಸ್ ಬದಲಿಸಬೇಕು. ಪ್ರತಿ ಡಿಎನ್‌ಎಸ್ ದಾಖಲೆಗೂ ಟಿಟಿಎಲ್ ಅಂತ ಒಂದು ಆಯುಷ್ಯ ಇರುತ್ತದೆ. 3600 ಇದ್ದರೆ ಒಂದು ಗಂಟೆಯ ತನಕ ಲೋಕದ ಮಂದಿ ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡಿರಬಹುದು. ಮೊದಲೇ 300 ಮಾಡಿಟ್ಟಿದ್ದರೆ ಐದು ನಿಮಿಷ. ಬಿದ್ದ ಮೇಲೆ ಕಡಿಮೆ ಮಾಡಿದರೆ ಈ ಸಲಕ್ಕೆ ಉಪಯೋಗವಿಲ್ಲ. ಬದಲಿಸುವಾಗ ಸೈಟ್‌ನ ದಾಖಲೆಯೊಂದನ್ನೇ ಬದಲಿಸಿ. ಡೊಮೇನ್‌ನ ಎಲ್ಲ ದಾಖಲೆ ಇಟ್ಟುಕೊಂಡಿರುವ ನೇಮ್‌ಸರ್ವರನ್ನೇ ಬದಲಿಸಿ, ಇಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆ ಅಲ್ಲಿ ಹಾಕದೇ ಬಿಟ್ಟರೆ, ಸೈಟ್ ಬಂದ ಖುಷಿಯಲ್ಲಿ ಇಮೇಲ್ ನಿಂತದ್ದು ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಮುಖಪುಟ ನೋಡಿ ಎದ್ದು ಹೋಗಬೇಡಿ. ಒಳಗಿನ ಪುಟ, ಹಳೆಯ ಒಂದು ಚಿತ್ರ, ಹುಡುಕಾಟ, ಲಾಗಿನ್ ಎಲ್ಲ ನೋಡಿ. ಒಂದು ಫಾರ್ಮ್ ತುಂಬಿ, ಇಮೇಲ್ ಬಂತಾ ನೋಡಿ. ಒಂದು ಹೊಸ ಚಿತ್ರ ಏರಿಸಿ. ಓದಲು ಬಿಟ್ಟು ಬರೆಯಲು ಬಿಡದ ಸೈಟ್‌ಗಳು ಇರುತ್ತವೆ. ಕೆಟ್ಟ ಸ್ಥಿತಿಯಲ್ಲಿ ತೆಗೆದಿಟ್ಟ ಬ್ಯಾಕಪ್‌ನಿಂದ ಮಧ್ಯದ ದಿನಗಳ ಅರ್ಜಿ, ಆರ್ಡರ್‌ಗಳನ್ನು ಹೆಕ್ಕಿ ಸೇರಿಸುವುದೂ ಈಗಲೇ. ಮಧ್ಯೆ ಹೊಸ ಆರ್ಡರ್ ಬಂದು ಅದೇ ಸಂಖ್ಯೆ ಹಿಡಿದುಬಿಟ್ಟರೆ ಸೇರಿಸುವುದು ತಲೆನೋವು.

ನಾನು ಈಗ ಮೂರು ತಿಂಗಳಿಗೊಮ್ಮೆ ಏನೂ ಕೆಡದಿದ್ದಾಗಲೇ ಒಂದು ಖಾಲಿ ಸರ್ವರ್‌ಗೆ ರೀಸ್ಟೋರ್ ಮಾಡಿ ನೋಡುತ್ತೇನೆ. ಗಡಿಯಾರ ನೋಡಿಕೊಂಡು, ಒಂದು ನೋಟ್‌ಬುಕ್‌ನಲ್ಲಿ ಸಮಯ ಬರೆಯುತ್ತೇನೆ. ಮೊದಲ ಸಲದ ಸಾಲು ಈಗಲೂ ಅಲ್ಲಿದೆ. ಒಟ್ಟು 1 ಗಂಟೆ 18 ನಿಮಿಷ. ಅದರಲ್ಲಿ ಫೈಲ್ ಮತ್ತು ಡೇಟಾಬೇಸ್ ತುಂಬಿದ್ದು 26 ನಿಮಿಷ. ಬಾಕಿ 52 ನಿಮಿಷ ಬ್ಯಾಕಪ್ ಫೈಲ್‌ಗೆ ಹಾಕಿದ್ದ ಪಾಸ್‌ವರ್ಡ್ ಹುಡುಕಿದ್ದು. ಅದನ್ನು ಬರೆದಿಟ್ಟದ್ದು ಆ ಬ್ಯಾಕಪ್‌ನ ಒಳಗೇ ಇತ್ತು.